ಶುಗರ್ ಇರುವ ಅಪ್ಪ ಅಮ್ಮನನ್ನು ಬೂಷ್ಟಿನಿಂದ ಕಾಪಾಡುವುದು ಹೇಗೆ?

ಮಂಡ್ಯ ಕಡೆ ತಿಪ್ಪೆ ಕೆದಕಿದಾಗ ಹಬೆ ಜೊತೆ ಏಳುವ ದೂಳು ನೋಡಿದ್ದೀರಲ್ವಾ? ಅದರಲ್ಲಿ ಬೂಷ್ಟಿನ ಕಣ ಇರುತ್ತವೆ. ಎಲ್ಲರ ಮೂಗಿಗೂ ಹೋಗುತ್ತವೆ, ರಕ್ತದ ಬಿಳಿಕಣಗಳು ಅವನ್ನು ಕೊಲ್ಲುತ್ತವೆ. ಆದರೆ ಶುಗರ್ ಹತೋಟಿ ತಪ್ಪಿದವರಲ್ಲಿ, ಜಾಸ್ತಿ ದಿನ ಸ್ಟೆರಾಯ್ಡ್ ತಗೊಂಡವರಲ್ಲಿ, ಕಿಡ್ನಿ ಕಸಿ ಅಥವಾ ಕ್ಯಾನ್ಸರ್‌ಗೆ ಕೀಮೋ ಆದವರಲ್ಲಿ ಈ ಕಾವಲು ಸೋತಿರುತ್ತದೆ. 2021ರಲ್ಲಿ ಕೋವಿಡ್ ಬಂದವರಿಗೆ ಇಂಥ ಬೂಷ್ಟು ತರುವ ಕಪ್ಪು ಶಿಲೀಂಧ್ರ (ಬ್ಲ್ಯಾಕ್ ಫಂಗಸ್) ರೋಗ ಅಷ್ಟೊಂದು ಕಾಡಿದ್ದು ಹೆಚ್ಚಾಗಿ ಈ ಕಾವಲು ಸೋತಿದ್ದರಿಂದಲೇ.

ಮೊದಲು ಶುಗರ್ ಹತೋಟಿಗೆ ತನ್ನಿ, ಮಿಕ್ಕಿದ್ದೆಲ್ಲ ಆಮೇಲೆ. ಗೊಬ್ಬರ ಎತ್ತುವಾಗ ಮಾಸ್ಕ್ ಹಾಕಿಸಿ. ಸ್ಟೆರಾಯ್ಡ್ ಮಾತ್ರೆ ಸುಮ್ನೆ ಮೆಡಿಕಲ್‌ನಲ್ಲಿ ಕೇಳಿ ತರಬೇಡಿ, ಡಾಕ್ಟರ್ ಬರೆದಿದ್ದರೆ ನೀವಾಗೇ ನಿಲ್ಲಿಸಲೂಬೇಡಿ.

ಮುಖ ಒಂದೇ ಕಡೆ ಊದುವುದು, ಮೂಗಿನಿಂದ ಕಪ್ಪು ಸಿಂಬಳ, ಕಣ್ಣಿಗೆ ಎರಡೆರಡು ಕಾಣುವುದು, ಇದರಲ್ಲಿ ಒಂದು ಕಂಡರೂ ಬೆಳಗಾಗಲಿ ಅಂತ ಕಾಯದೆ ಮಂಡ್ಯದ ಮಿಮ್ಸ್‌ಗೋ ಮೈಸೂರಿನ ಕೆ.ಆರ್. ಆಸ್ಪತ್ರೆಗೋ ಕರೆದುಕೊಂಡು ಹೋಗಿ, ಶುಗರ್ ಇದೆ ಅಂತ ಮೊದಲೇ ಹೇಳಿ.