ಮಡಿಕೇರಿಯ ಏರುಇಳಿತಗಳಲ್ಲಿ ಸೈಕಲ್ ಬಳಸುವವರಿಗೆ

ಪೇಟೆಯ ಸಣ್ಣಪುಟ್ಟ ಕೆಲಸಗಳಿಗೆ ಕಾರಿನ ಬದಲು ಸೈಕಲ್ ಬಳಸಬೇಕೆಂದಿರುವ ಮಡಿಕೇರಿಯವರು ಮೊದಲು ನೋಡಬೇಕಾದದ್ದು ಗೇರ್ ಮತ್ತು ಬ್ರೇಕ್‌ಗಳನ್ನು. ಕಂಪನಿ, ಬಣ್ಣಗಳೆಲ್ಲ ಆಮೇಲಿನ ಮಾತು. ಸಮುದ್ರಮಟ್ಟದಿಂದ ಸುಮಾರು 1,150 ಮೀಟರ್ ಎತ್ತರದಲ್ಲಿರುವ ಈ ಊರಿನಲ್ಲಿ ಸಮತಟ್ಟಾದ ರಸ್ತೆ ಅಪರೂಪವಾದ್ದರಿಂದ ಗೇರ್ ಇರುವ ಸೈಕಲ್ಲನ್ನೇ ಆರಿಸಿಕೊಳ್ಳಿ, ಮತ್ತು ಏರು ಆರಂಭವಾಗುವ ಮುನ್ನವೇ ಹಗುರವಾದ ಗೇರ್‌ಗೆ ಬನ್ನಿ. ಅರ್ಧ ಏರಿನಲ್ಲಿ ಪೆಡಲ್ ಮೇಲೆ ಭಾರ ಹಾಕಿಕೊಂಡೇ ಬದಲಿಸಿದರೆ ಚೈನ್ ಕಳಚಿಕೊಳ್ಳುವ ಸಂಭವವಿದೆ. ತೀರಾ ಕಡಿದಾದ ಕಡೆ ಇಳಿದು ತಳ್ಳಿಕೊಂಡು ಹೋಗುವುದರಲ್ಲಿ ನಾಚಿಕೆಯೇನೂ ಇಲ್ಲ.

ನನ್ನ ಅಭಿಪ್ರಾಯದಲ್ಲಿ ಏರಿಗಿಂತ ಇಳಿಜಾರೇ ಹೆಚ್ಚು ಎಚ್ಚರ ಬೇಡುತ್ತದೆ. ಓಂಕಾರೇಶ್ವರ ದೇವಾಲಯದ ಕಡೆಗೆ ಇಳಿಯುವಂಥ ರಸ್ತೆಗಳಲ್ಲಿ, ಮಳೆಗಾಲದಲ್ಲಿ, ಚಕ್ರದ ರಿಮ್ ಹಿಡಿಯುವ ರಬ್ಬರ್ ಬ್ರೇಕ್‌ಗಳು ಮೊದಲು ನೀರನ್ನು ಒರೆಸಿ ಆಮೇಲಷ್ಟೇ ಹಿಡಿತಕ್ಕೆ ಬರುವುದರಿಂದ, ತಿರುವಿಗೆ ಸಾಕಷ್ಟು ಮುಂಚೆಯೇ ಎರಡೂ ಬ್ರೇಕ್‌ಗಳನ್ನು ಮೆಲ್ಲಗೆ ಒತ್ತಿ, ವೇಗವನ್ನು ನೇರ ರಸ್ತೆಯಲ್ಲೇ ತಗ್ಗಿಸಿಕೊಳ್ಳಬೇಕು. ತಿರುವಿನ ನಡುವೆ ಮುಂದಿನ ಬ್ರೇಕನ್ನು ಒಮ್ಮೆಲೇ ಒತ್ತಿದರೆ ಚಕ್ರ ಜಾರುತ್ತದೆ. ಹೊಸ ಸೈಕಲ್ ಕೊಳ್ಳುವುದಾದರೆ, ಸ್ವಲ್ಪ ಹೆಚ್ಚು ಹಣ ಹೋದರೂ, ರಿಮ್ ಬದಲು ಚಕ್ರದ ನಡುವಿನ ಲೋಹದ ತಟ್ಟೆಯನ್ನು ಹಿಡಿಯುವ ಡಿಸ್ಕ್ ಬ್ರೇಕ್ ಇರುವುದನ್ನೇ ತೆಗೆದುಕೊಳ್ಳಿ. ರಸ್ತೆಯಂಚಿನ ಪಾಚಿ ಮತ್ತು ಒದ್ದೆ ತರಗೆಲೆಗಳಿಂದ ದೂರವಿರಿ.

ಮಂಜು ಕವಿದಾಗ ಹಗಲಿನಲ್ಲೂ ಮುಂದೆ ಬಿಳಿ, ಹಿಂದೆ ಕೆಂಪು ದೀಪ ಉರಿಯುತ್ತಿರಲಿ. ಮಳೆಯಲ್ಲಿ ನೆನೆದ ಚೈನನ್ನು ಅಂದೇ ಬಟ್ಟೆಯಿಂದ ಒರೆಸಿ, ಎಣ್ಣೆ ಹಾಕಿ, ಹೆಚ್ಚಾದದ್ದನ್ನು ಮತ್ತೆ ಒರೆಸಿಬಿಡಿ. ಆದರೆ ಆ ಎಣ್ಣೆ ರಿಮ್‌ಗಾಗಲಿ ಡಿಸ್ಕ್‌ಗಾಗಲಿ ತಾಗದಿರಲಿ.