ಟಿಗ್ ಪೈಪ್ ಅಭ್ಯಾಸಕ್ಕೆ ನಾನು ಆರಿಸಿಕೊಂಡ ರಾಡು, ಟಂಗ್‌ಸ್ಟನ್

ಟಿಗ್ ಅಂದರೆ ಆರ್ಗಾನ್ ಗ್ಯಾಸಿನ ಮರೆಯಲ್ಲಿ, ಟಂಗ್‌ಸ್ಟನ್ ಕಡ್ಡಿಯ ತುದಿಯಿಂದ ಆರ್ಕ್ ಹೊತ್ತಿಸಿ ಬೆಸೆಯುವ ವಿಧಾನ. ಟಿಗ್ ಪೈಪ್ ವೆಲ್ಡಿಂಗ್ ಕಲಿಯಲು ಹೊರಟವರು ಮೊದಲು ಕೇಳುವುದೇ ಯಾವ ಟಂಗ್‌ಸ್ಟನ್ ತಗೊಳ್ಳಲಿ ಅಂತ. ನನ್ನ ಲೆಕ್ಕದಲ್ಲಿ ಅದು ಎರಡನೇ ಪ್ರಶ್ನೆ. ಮೊದಲು ಫಿಲ್ಲರ್ ರಾಡಿನ, ಅಂದರೆ ಸಂದಿಗೆ ಕರಗಿಸಿ ತುಂಬುವ ಕಡ್ಡಿಯ, ದಪ್ಪ ತೀರ್ಮಾನ ಆಗಬೇಕು. ಎರಡು ಪೈಪಿನ ನಡುವೆ ಎಷ್ಟು ಗ್ಯಾಪ್ ಬಿಡಬೇಕು ಅನ್ನುವುದು ಅದರ ಮೇಲೆ ನಿಂತಿದೆ.

ನಾನು ಕಾರವಾರದ ಶಿರವಾಡದ ಕಡೆ ಒಂದು ಫ್ಯಾಬ್ರಿಕೇಶನ್ ಶೆಡ್ಡಿನಲ್ಲಿ ಕೆಲಸ ಮಾಡುತ್ತೇನೆ. ದಿನವಿಡೀ ಗೇಟು, ಗ್ರಿಲ್ಲು. ಬೆಳಿಗ್ಗೆ ಕೆಲಸ ಶುರುವಾಗುವ ಮುಂಚೆ 6ಜಿ ಅಭ್ಯಾಸ. ಅಂದರೆ ಪೈಪನ್ನು 45 ಡಿಗ್ರಿ ಓರೆಯಾಗಿ ಬಿಗಿದು, ತಿರುಗಿಸದೆ ಸುತ್ತಲೂ ಬೆಸೆಯುವುದು. ಬೆಳಿಗ್ಗೆಯೇ ಯಾಕೆ ಅಂದರೆ, ಮಧ್ಯಾಹ್ನದ ಮೇಲೆ ಇಲ್ಲಿ ಕಡಲ ಗಾಳಿ ಬೀಸುತ್ತದೆ, ಆರ್ಗಾನ್ ಹಾರಿಹೋಗುತ್ತದೆ. ತಾಡಪಾಲು ಕಟ್ಟಿದರೂ ಸಂದಿಯಲ್ಲಿ ನುಗ್ಗುತ್ತದೆ. ಗ್ಯಾಸ್ ಜಾಸ್ತಿ ಬಿಟ್ಟರೆ ಸರಿಹೋಗುತ್ತದೆ ಅನ್ನುವವರಿದ್ದಾರೆ. ಹಾಗಾಗುವುದಿಲ್ಲ. ಅತಿಯಾದರೆ ಅದೇ ಸುಳಿಯಾಗಿ ಹೊರಗಿನ ಗಾಳಿಯನ್ನು ಒಳಗೆ ಎಳೆಯುತ್ತದೆ. ನಾನು ನಿಮಿಷಕ್ಕೆ 8ರಿಂದ 10 ಲೀಟರ್ ಇಡುತ್ತೇನೆ.

ಪೈಪು 2 ಇಂಚು, ಶೆಡ್ಯೂಲ್ 80 (ಗೋಡೆಯ ದಪ್ಪ ಹೇಳುವ ಅಂಕೆ). ಹೊರಗಿನ ಅಳತೆ 60.3 ಮಿ.ಮೀ., ಗೋಡೆ 5.5 ಮಿ.ಮೀ. ಚೂರು ಮೇಲೆ. ತುಂಡು ಸುಲಭವಾಗಿ ಸಿಗುತ್ತದೆ, ಆರ್ಗಾನೂ ಕಡಿಮೆ ಸಾಕು. ಸುತ್ತು ಚಿಕ್ಕದಾದ್ದರಿಂದ ಕೈಯ ಕೋನ ಕ್ಷಣಕ್ಷಣಕ್ಕೂ ಬದಲಾಗುತ್ತದೆ. ಅಭ್ಯಾಸಕ್ಕೆ ಅದೇ ಬೇಕಾದದ್ದು, ಅಲ್ವಾ?

ಈಗ ರಾಡು. ನಮ್ಮ ಕಡೆ ಶೆಡ್ಡುಗಳಲ್ಲಿ ಸಿಒಟು ಮೆಷಿನ್ನಿನ (ವೈರನ್ನು ತಾನೇ ತಳ್ಳುವ ವೆಲ್ಡಿಂಗ್ ಮೆಷಿನ್) ವೈರನ್ನೇ ಕತ್ತರಿಸಿ ಟಿಗ್‌ಗೆ ಹಿಡಿಯುವ ರೂಢಿ ಇದೆ. ಅದು ಇಆರ್70ಎಸ್-6 ಅನ್ನುವ ದರ್ಜೆ, ಲೋಹದಲ್ಲಿ ದೋಷ ಇಲ್ಲ. ಆದರೆ 1.2 ಮಿ.ಮೀ. ವೈರು ರೂಟಿನಲ್ಲಿ, ಅಂದರೆ ತಳದ ಮೊದಲ ಪದರದಲ್ಲಿ, ಕಣ್ಣುಮುಚ್ಚಿ ತೆರೆಯುವಷ್ಟರಲ್ಲಿ ಕರಗಿಹೋಗುತ್ತದೆ. ಅದನ್ನು ತಳ್ಳುವುದರಲ್ಲೇ ಎಡಗೈ ಮುಳುಗುತ್ತದೆ. ಗ್ಯಾಪಿನಲ್ಲಂತೂ ಅದು ನಿಲ್ಲುವುದೇ ಇಲ್ಲ, ಒಳಗೆ ತೂರುತ್ತದೆ.

ನಾನು ಒಂದು ಮೀಟರ್ ಉದ್ದದ ಇಆರ್70ಎಸ್-2 ರಾಡು, 2.4 ಮಿ.ಮೀ. ತಗೊಂಡೆ. ಎಸ್-2ರಲ್ಲಿ ಟೈಟೇನಿಯಂ, ಜಿರ್ಕೋನಿಯಂ, ಅಲ್ಯೂಮಿನಿಯಂ ಸ್ವಲ್ಪ ಸ್ವಲ್ಪ ಇರುತ್ತದೆ. ಕಬ್ಬಿಣದಲ್ಲಿ ಉಳಿದ ಆಮ್ಲಜನಕವನ್ನು ಹಿಡಿದು ಗುಳ್ಳೆ ಬರದಂತೆ ಮಾಡುವುದು ಇವುಗಳ ಕೆಲಸ. ಎಸ್-6ರಲ್ಲಿ ಸಿಲಿಕಾನ್, ಮ್ಯಾಂಗನೀಸ್ ಜಾಸ್ತಿ. ಕರಗಿದ ಲೋಹ ಚೆನ್ನಾಗಿ ಹರಡುತ್ತದೆ, ಕ್ಯಾಪ್ (ಮೇಲಿನ ಕೊನೆಯ ಪದರ) ನೋಡಲು ನುಣುಪು, ಮೇಲೆ ಅಲ್ಲಲ್ಲಿ ಗಾಜಿನಂಥ ಚುಕ್ಕೆ. ಎಸ್-2ರ ಪಡಲ್ (ಕರಗಿದ ಲೋಹದ ಮಡು) ತುಸು ಗಟ್ಟಿ. ಪೈಪಿನ ಅಡಿಭಾಗದಲ್ಲಿ, ಅಂದರೆ ಆರು ಗಂಟೆಯ ಜಾಗದಲ್ಲಿ, ನನಗೆ ಅದೇ ಹಿಡಿತಕ್ಕೆ ಸಿಗುತ್ತದೆ. ಎಸ್-2 ತುಕ್ಕನ್ನು ತಡೆದುಕೊಳ್ಳುತ್ತದೆ ಅಂತ ಉಜ್ಜದೇ ಬಿಡಬೇಡಿ. ನಮ್ಮ ಉಪ್ಪು ಗಾಳಿಗೆ ಗ್ರೈಂಡ್ ಮಾಡಿದ ಬೆವೆಲ್ (ಪೈಪಿನ ಓರೆ ಅಂಚು) ಕೂಡ ಮಳೆಗಾಲದಲ್ಲಿ ಒಂದೇ ರಾತ್ರಿಗೆ ಕೆಂಪಾಗುತ್ತದೆ. ಒಳಗೂ ಹೊರಗೂ ಒಂದು ಇಂಚು ಬೆಳ್ಳಗೆ ಹೊಳೆಯಬೇಕು. ರಾಡುಗಳನ್ನು ಎರಡೂ ಕಡೆ ಮುಚ್ಚಳ ಇರುವ ಪಿವಿಸಿ ಪೈಪಿನಲ್ಲಿ ಇಡುತ್ತೇನೆ. ಹಿಡಿಯುವ ಮುಂಚೆ ಅಸಿಟೋನ್ ಬಟ್ಟೆಯಲ್ಲಿ ಒಮ್ಮೆ ಎಳೆಯುತ್ತೇನೆ.

ಗ್ಯಾಪು ರಾಡಿನಷ್ಟೇ, ಅಥವಾ ಕೂದಲೆಳೆ ಜಾಸ್ತಿ. ಇನ್ನೊಂದು 2.4 ರಾಡನ್ನೇ ಯು ಆಕಾರಕ್ಕೆ ಬಗ್ಗಿಸಿ ನಡುವೆ ಇಟ್ಟು ಟ್ಯಾಕ್ (ಹಿಡಿದು ನಿಲ್ಲಿಸುವ ಚಿಕ್ಕ ಬೆಸುಗೆ) ಹಾಕಿದರೆ ಬೇರೆ ಗೇಜು ಬೇಡ. ಬೆಸೆಯುತ್ತಾ ಹೋದಂತೆ ಗ್ಯಾಪು ಮುಚ್ಚಿಕೊಳ್ಳುತ್ತದೆ. ಹಾಗಾಗಿ ಬಿಗಿ ಇರುವ ಕಡೆಯಿಂದ ಶುರು ಮಾಡುತ್ತೇನೆ, ಅಗಲ ಇರುವ ಕಡೆ ಕೊನೆಗೆ. ಗ್ಯಾಪು 3 ಮಿ.ಮೀ. ದಾಟಿದರೆ 3.2 ರಾಡೇ ಬೇಕು.

ಟಂಗ್‌ಸ್ಟನ್ ವಿಷಯ ಬೇಗ ಮುಗಿಯುತ್ತದೆ. ನೀಲಿ ತುದಿಯದು, 2% ಲ್ಯಾಂಥನೇಟೆಡ್ (ಲ್ಯಾಂಥನಂ ಆಕ್ಸೈಡ್ ಬೆರೆಸಿದ್ದು), 2.4 ಮಿ.ಮೀ. ಅಷ್ಟೇ. ರೂಟಿಗೆ ನಾನು ಇಡುವ 80–90 ಆಂಪಿಯರಿಗೂ, ಮೇಲಿನ ಪಾಸ್‌ಗಳಿಗೂ ಇದೊಂದೇ ಸಾಕು. ಹಳಬರು ಕೆಂಪು ತುದಿಯದನ್ನೇ ಮೆಚ್ಚುತ್ತಾರೆ. ಆರ್ಕ್ ಚೆನ್ನಾಗಿಯೇ ನಿಲ್ಲುತ್ತದೆ. ಆದರೆ ಅದರಲ್ಲಿರುವ ಥೋರಿಯಂ ವಿಕಿರಣ ಸೂಸುವ ವಸ್ತು, ಉಜ್ಜುವಾಗ ಏಳುವ ಧೂಳು ಶ್ವಾಸಕ್ಕೆ ಹೋಗಬಾರದು. ಕಲಿಯುವವನು ಪಡಲ್‌ಗೆ ಮುಟ್ಟಿಸುತ್ತಲೇ ಇರುತ್ತಾನೆ, ಪ್ರತಿ ಸಲವೂ ಉಜ್ಜಬೇಕು. ಅಷ್ಟು ಧೂಳು ಯಾಕೆ ಕುಡಿಯಬೇಕು? ಹಸಿರು ತುದಿಯದನ್ನು ಅಂಗಡಿಯವನು ಅಗ್ಗಕ್ಕೆ ಕೊಟ್ಟರೂ ಬೇಡ. ಅದು ಎಸಿಯಲ್ಲಿ ಅಲ್ಯೂಮಿನಿಯಂ ಬೆಸೆಯಲು, ಡಿಸಿ ಸ್ಟೀಲಿಗಲ್ಲ. ಉಜ್ಜುವಾಗ ಗೆರೆಗಳು ಉದ್ದಕ್ಕೆ ತುದಿಯ ಕಡೆ ಓಡಬೇಕು. ಅಡ್ಡ ಗೆರೆ ಬಿದ್ದರೆ ಆರ್ಕ್ ಅಲೆದಾಡುತ್ತದೆ. ಚೂಪಿನ ಉದ್ದ ದಪ್ಪದ ಎರಡರಿಂದ ಎರಡೂವರೆ ಪಟ್ಟು, ತುದಿ ಚೂರು ಮೊಂಡು.

ಕೆಲವು ವೆಲ್ಡರ್ ಟೆಸ್ಟ್‌ಗಳಲ್ಲಿ ರೂಟ್ ಮಾತ್ರ ಟಿಗ್, ಮೇಲಕ್ಕೆ 7018 ಸ್ಟಿಕ್ (ಫ್ಲಕ್ಸ್ ಲೇಪಿಸಿದ ವೆಲ್ಡಿಂಗ್ ಕಡ್ಡಿ) ಕೇಳುತ್ತಾರೆ. ಅದನ್ನು ಈ ಊರಿನಲ್ಲಿ ತೆರೆದಿಟ್ಟು ಬಳಸುವ ಹಾಗೇ ಇಲ್ಲ. ತೇವ ಹೀರಿ ಗುಳ್ಳೆ, ಕ್ರ್ಯಾಕು ಎರಡೂ ಬರುತ್ತವೆ. ಡಬ್ಬಿ ಒಡೆದ ಮೇಲೆ 120 ಡಿಗ್ರಿಗಿಂತ ಮೇಲೆ ಓವನ್ನಿನಲ್ಲಿರಬೇಕು. ನಮ್ಮ ಶೆಡ್ಡಿನಲ್ಲಿ ಓವನ್ ಇಲ್ಲ, ಹಾಗಾಗಿ ನಾನು ಕ್ಯಾಪಿನವರೆಗೂ ಟಿಗ್‌ನಲ್ಲೇ ಮುಗಿಸುತ್ತೇನೆ.

304 ದರ್ಜೆಯ ಎಸ್‌ಎಸ್ (ಸ್ಟೇನ್‌ಲೆಸ್ ಸ್ಟೀಲ್) ಪೈಪಿಗೆ ಇಆರ್308ಎಲ್ ಬೇಕು. ಎಎಸ್‌ಎಂಇ ಸೆಕ್ಷನ್ 9ರ (ವೆಲ್ಡರ್ ಅರ್ಹತೆಯ ಅಮೆರಿಕನ್ ನಿಯಮಾವಳಿ) ಲೆಕ್ಕದಲ್ಲಿ ಅದೂ 70ಎಸ್-2ವೂ ಒಂದೇ ಎಫ್-6 ಫಿಲ್ಲರ್ ಗುಂಪು. ಕಾಗದದಲ್ಲಿ ಒಂದೇ ಇರಬಹುದು, ಕೈಗೆ ಬೇರೆ. ಪೈಪಿನೊಳಗೂ ಆರ್ಗಾನ್ ತುಂಬಿಸಬೇಕು, ಇಲ್ಲದಿದ್ದರೆ ರೂಟಿನ ಹಿಂಬದಿ ಗಾಳಿ ತಾಗಿ ಸಕ್ಕರೆಯಂತೆ ಹರಳುಹರಳಾಗಿ ಕೆಡುತ್ತದೆ. ಎರಡೆರಡು ಕಡೆ ಗ್ಯಾಸ್ ಬಿಡುವಷ್ಟು ದುಡ್ಡು ಸದ್ಯಕ್ಕಿಲ್ಲ. ಸಿಲಿಂಡರು ತುಂಬಿಸಿಕೊಂಡು ಬಂದಾಗ ಅದನ್ನೆಲ್ಲ ಎಂಎಸ್ (ಸಾದಾ ಉಕ್ಕಿನ) ಪೈಪಿಗೇ ಸುರಿಯುತ್ತಿದ್ದೇನೆ.