ಸ್ವಗತಕ್ಕೊಬ್ಬ ಎದುರಾಳಿ: ನನ್ನ ಅನುಭವ

ತುಮಕೂರಿನಲ್ಲಿ ಇಂಗ್ಲಿಷ್ ಎಂ.ಎ. ಓದುವಾಗ ಶೇಕ್ಸ್‌ಪಿಯರನ ನಾಟಕದ ಮ್ಯಾಕ್‌ಬೆತ್ ದೊರೆ ಡಂಕನ್‌ನನ್ನು ಕೊಲ್ಲಬೇಕೋ ಬೇಡವೋ ಎಂದು ತನ್ನೊಳಗೇ ಆಡಿಕೊಳ್ಳುವ, ನನಗೆ ಕಗ್ಗಂಟಾಗಿದ್ದ ಸ್ವಗತವೊಂದು, ಅಂದರೆ ಮೊದಲ ಅಂಕದ ಏಳನೆಯ ದೃಶ್ಯದ್ದು, ಸೀನಿಯರ್ ಅಕ್ಕನೊಬ್ಬರ ಜೊತೆ ಚರ್ಚಿಸಿದ ಮೇಲೆ ಕೊನೆಗೂ ಬಿಡಿಸಿಕೊಂಡಿತು. ಹಾಸ್ಟೆಲ್ಲಿನ ಗೆಳೆಯರು ಇದನ್ನು ಕಾಲಹರಣವೆಂದು ನಕ್ಕಿದ್ದರಿಂದಲೇ ಬರೆಯುತ್ತಿದ್ದೇನೆ.

ಅದಕ್ಕೂ ಮೊದಲು ಗೈಡು, ಜೆರಾಕ್ಸುಗಳಿಗೆಂದು ಸುಮಾರು 700 ರೂಪಾಯಿ ಕೈಬಿಟ್ಟಿತ್ತು. ಎಲ್ಲದರಲ್ಲೂ ಮಹತ್ವಾಕಾಂಕ್ಷೆ ಮತ್ತು ಆತ್ಮಸಾಕ್ಷಿಯ ಸಂಘರ್ಷವೆಂಬ ಒಂದೇ ಪಲ್ಲವಿ. ಅಕ್ಕನ ಬಳಿಗೂ ಆರಂಭದಲ್ಲಿ ಸಾಲುಗಳ ಅರ್ಥ ಕೇಳಿಕೊಂಡೇ ಹೋಗುತ್ತಿದ್ದೆ; ಅವರು ಹೇಳುತ್ತಿದ್ದರು, ನಾನು ಬರೆದುಕೊಳ್ಳುತ್ತಿದ್ದೆ, ಮರುದಿನ ಪುಸ್ತಕ ಮುಚ್ಚಿದರೆ ಏನೂ ಉಳಿದಿರುತ್ತಿರಲಿಲ್ಲ.

ಆಮೇಲೆ ಕ್ರಮ ಬದಲಾಯಿಸಿದೆವು. ಅಮಾನಿಕೆರೆಯ ಬಳಿ ಕುಳಿತು ನಾನು ಒಂದು ವಾಕ್ಯ ಓದುವುದು, ಅಕ್ಕ ನಡುವೆ ಬಾಯಿ ಹಾಕಿ ‘ಸರಿ, ಕೊಂದುಬಿಡು, ಏನೀಗ ಅಡ್ಡಿ?’ ಎನ್ನುವುದು, ಅದಕ್ಕೆ ಉತ್ತರ ಮುಂದಿನ ವಾಕ್ಯದಲ್ಲಿ ಇದೆಯೇ ಎಂದು ಇಬ್ಬರೂ ನೋಡುವುದು. ಮ್ಯಾಕ್‌ಬೆತ್ ಕೊಡುವ ಉತ್ತರಗಳು ಇವು: ಪರಲೋಕದ ಚಿಂತೆಯನ್ನು ಬದಿಗಿಟ್ಟರೂ ತೀರ್ಪು ಇಲ್ಲಿಯೇ ಕಾದಿದೆ. ಕೊಲೆಯ ಪಾಠ ಕಲಿಸಿದವನಿಗೇ ತಿರುಗುತ್ತದೆ. ಡಂಕನ್ ನೆಂಟ, ದೊರೆ, ಮೇಲಾಗಿ ಮನೆಗೆ ಬಂದ ಅತಿಥಿ. ಹದಿನಾರನೆಯ ಸಾಲಿನ ಆಸುಪಾಸಿನವರೆಗೆ ಉತ್ತರಗಳು ಸಲೀಸಾಗಿ ಸಿಕ್ಕವು. ಆದರೆ ದೇವದೂತರೂ ಬಿರುಗಾಳಿಯನ್ನೇರಿದ ಬೆತ್ತಲೆ ಹಸುಗೂಸೂ ಬಂದ ಮೇಲೆ ಅಕ್ಕ ಎಷ್ಟು ಕೆಣಕಿದರೂ ಆ ಸಾಲುಗಳು ಉತ್ತರವಾಗಲು ಒಪ್ಪಲಿಲ್ಲ. ‘ಅವನ ಲೆಕ್ಕಾಚಾರ ಇಲ್ಲಿಗೆ ಮುಗೀತು ಕಣೋ, ಇನ್ನು ಕಣ್ಣಿಗೆ ಕಂಡಿದ್ದನ್ನ ಹೇಳ್ತಿದಾನೆ’ ಎಂದರು. ನಾನು ಕೊಂಡಿದ್ದ ಯಾವ ಗೈಡಿನಲ್ಲಿಯೂ ಈ ಮಾತು ಇರಲಿಲ್ಲ.

ದೃಶ್ಯದ ಆರಂಭದ ರಂಗಸೂಚನೆಯನ್ನು ಅನೇಕರು ಹಾರಿಸಿಬಿಡುತ್ತಾರೆ: ವಾದ್ಯ, ಪಂಜು, ತಟ್ಟೆಗಳನ್ನು ಹೊತ್ತು ಸಾಗುವ ಆಳುಗಳು. ಡಂಕನ್‌ನ ಊಟ ಇನ್ನೂ ಮುಗಿದಿಲ್ಲ, ಮನೆಯ ಯಜಮಾನನೇ ನಡುವೆ ಎದ್ದು ಬಂದಿದ್ದಾನೆ. ನಮ್ಮ ಕಡೆಯ ಮದುವೆಮನೆಯಲ್ಲಿ ಯಜಮಾನ ಪಂಕ್ತಿಯಿಂದ ಹೀಗೆ ಎದ್ದರೆ ಯಾರಾದರೂ ಹುಡುಕಿಕೊಂಡು ಬಂದೇ ಬರುತ್ತಾರೆ. ಇಲ್ಲಿ ಹೆಂಡತಿ ಬರುತ್ತಾಳೆ, ಅವನ ಕೊನೆಯ ವಾಕ್ಯ ಅರ್ಧಕ್ಕೇ ನಿಲ್ಲುತ್ತದೆ. ಆ ಅರ್ಧ ವಾಕ್ಯದ ಮೇಲೆ ಅಕ್ಕ ಹಾಕಿದ ಪ್ರಶ್ನೆಯನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ಅದು ಅವರ ಸೊತ್ತು.

ಸೆಮಿನಾರಿನಲ್ಲಿ ಇದನ್ನೇ ಮಂಡಿಸಿದಾಗ ಇಪ್ಪತ್ತಕ್ಕೆ ಹದಿನೇಳೋ ಹದಿನೆಂಟೋ ಬಂತು. ನಕ್ಕಿದ್ದವರೇ ನೋಟ್ಸ್ ಕೇಳಿದರು. ಅಕ್ಕನ ಜೊತೆಗಿನ ಈ ಚರ್ಚೆಗಳಲ್ಲಿ ಕಾಫಿಗೆ ಒಟ್ಟು ಖರ್ಚಾದದ್ದು ಮುನ್ನೂರನ್ನು ದಾಟಿರಲಾರದು.

ಇದೇ ಉಮೇದಿನಲ್ಲಿ ಶೇಕ್ಸ್‌ಪಿಯರನದೇ ‘ಹ್ಯಾಮ್ಲೆಟ್’ ನಾಟಕದ ಮೂರನೆಯ ಅಂಕದಲ್ಲಿ ರಾಜಕುಮಾರ ಹ್ಯಾಮ್ಲೆಟ್ ಆಡುವ ಪ್ರಸಿದ್ಧ ಸ್ವಗತಕ್ಕೂ ಕೈಹಾಕಿದೆವು. ಅಲ್ಲಿ ಅವನು ತಂದೆಯ ಕೊಲೆಯನ್ನಾಗಲಿ, ಕೊಂದು ರಾಜನಾದ ಚಿಕ್ಕಪ್ಪನನ್ನಾಗಲಿ ಎತ್ತುವುದೇ ಇಲ್ಲವಾದ್ದರಿಂದ ‘ಏನೀಗ ಅಡ್ಡಿ’ ಎಂಬ ಪ್ರಶ್ನೆಗೆ ಹಿಡಿತವೇ ಸಿಗಲಿಲ್ಲ. ಆ ರಾಜನೂ ಅವನ ಮಂತ್ರಿ ಪೊಲೋನಿಯಸನೂ ಮರೆಯಲ್ಲಿ ನಿಂತಿರುತ್ತಾರಲ್ಲ, ಆ ಪಾತ್ರಗಳಿಗೆಂದು ಹಾಸ್ಟೆಲ್ಲಿನ ಇಬ್ಬರನ್ನು ಕರೆತಂದು ಮರದ ಹಿಂದೆ ಕೂರಿಸಿಯೂ ನೋಡಿದೆವು. ಆ ಸಂಜೆಯ ಕಾಫಿ, ಬೋಂಡಾದ ಬಿಲ್ಲು ನೂರರ ಮೇಲಾಯಿತು, ಫಲ ಅಷ್ಟಕ್ಕಷ್ಟೆ.